ಬೆರಳ ಗೆರೆ ಮತ್ತು ಇಪ್ಪತ್ತು ಹಾಜರಿ

ಸರ್ಕಾರದ ಹೊಸ ಚಿಕಿತ್ಸಾ ಯೋಜನೆ ಜಾರಿಯಾಗಿ ನಮ್ಮ ವಿಭಾಗದ ಮೇಜಿನ ಮೇಲೆ ಬೆರಳಚ್ಚಿನ ಯಂತ್ರ ಬಂದು ಕೂತ ತಿಂಗಳಲ್ಲೇ, ಎಲ್ಲರೂ ಆಪಾ, ಅಂದರೆ ಅಕ್ಕ, ಅಂತ ಕರೆಯುವ ಹೆಂಗಸೊಬ್ಬರು ನನ್ನ ಬಳಿ ಬಂದರು. ನಾನು ರಾಮನಗರದ ಒಂದು ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್. ಕಾಯಿಲೆಯೋ ಪೆಟ್ಟೋ ಆದವರು ಮತ್ತೆ ತಮ್ಮ ದಿನನಿತ್ಯದ ಕೆಲಸಕ್ಕೆ ಮರಳುವ ಹಾಗೆ ಮಾಡುವುದು ನನ್ನ ಕೆಲಸ. ಇದನ್ನು ಯಾರಿಗೆ ಹೇಳಿದರೂ "ಓ, ಫಿಸಿಯೋನಾ?" ಅನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಹೌದು ಅಂದು ಸುಮ್ಮನಾಗುತ್ತೇನೆ.

ಆಪಾಗೆ ನಲವತ್ತೆಂಟು ವರ್ಷ. ಹದಿನಾರನೇ ವಯಸ್ಸಿನಿಂದ ರೇಷ್ಮೆ ಗೂಡಿನ ನೂಲು ಬಿಚ್ಚುವ ಕೆಲಸ. ಅಣ್ಣನದೇ ಚಿಕ್ಕ ರೀಲಿಂಗ್ ಯೂನಿಟ್ಟು, ಅಲ್ಲಿ ಬಿಸಿನೀರಿನ ಬೇಸಿನ್ನಿನ ಮುಂದೆ ಅವರ ಜಾಗ. ಮೂರು ತಿಂಗಳ ಹಿಂದೆ ಮದುವೆ ಮನೆಯೊಂದರಲ್ಲಿ ಗಾಜಿನ ಲೋಟ ಕೈಯಲ್ಲೇ ಒಡೆದು ಬಲಗೈ ಮಣಿಕಟ್ಟು ಕುಯ್ದುಹೋಗಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ನರ ಜೋಡಿಸಿದ್ದರು. ಗಾಯ ಮಾಗಿತ್ತು, ಬೆರಳು ಮಡಚುತ್ತಿದ್ದವು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಸ್ಪರ್ಶವೇ ಇರಲಿಲ್ಲ. ತುಂಡಾದ ನರ ಜೋಡಿಸಿದ ಮೇಲೆ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿ ಮುಟ್ಟಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಆ ಬೆರಳುಗಳಿಗೆ ಬಿಸಿಯೂ ಗೊತ್ತಾಗದು, ಸುಟ್ಟರೂ ಗೊತ್ತಾಗದು.

ಯೋಜನೆಯಲ್ಲಿ ಅವರಿಗೆ ಇಪ್ಪತ್ತು ಸಲದ ಚಿಕಿತ್ಸೆ ಮಂಜೂರಾಗಿತ್ತು. ಸೋಮವಾರ, ಗುರುವಾರ. ಪ್ರತಿ ಸಲ ಬಂದಾಗಲೂ ಹೋಗುವಾಗಲೂ ಬೆರಳು ಒತ್ತಬೇಕು. ಚಿಕಿತ್ಸೆ ಆಸ್ಪತ್ರೆಯ ಆವರಣದೊಳಗೇ ಆಗಬೇಕು. ಸತತ ಮೂರು ಸಲ ಹಾಜರಿ ಬೀಳದಿದ್ದರೆ ಕೇಸು ತಾನಾಗಿ ಮುಚ್ಚಿಕೊಳ್ಳುತ್ತದೆ. ಪೆಟ್ಟಾದ ಕೈಯ ಬೆರಳು ನೋಂದಾಯಿಸುವಂತಿಲ್ಲ, ಒಳ್ಳೆಯ ಕೈಯದೇ ಆಗಬೇಕು. ಈ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದವರು ನಮ್ಮ ಕಂಪ್ಯೂಟರ್ ಆಪರೇಟರ್. ಗುಡೇಮಾರನಹಳ್ಳಿಯವರು, ಬೆಳಿಗ್ಗೆ ಹೊಲಕ್ಕೆ ನೀರು ಬಿಟ್ಟು ಬಸ್ಸು ಹತ್ತಿ ಬರುವ ಮನುಷ್ಯ. ನಾನು ಅವರನ್ನು ಅಣ್ಣ ಅನ್ನುತ್ತೇನೆ.

ಮೊದಲ ದಿನ ಯಂತ್ರ ಕಂಡ ಕೂಡಲೇ ಆಪಾ ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡಿ ಮೇಡಂ, ನಂದು ತಗೊಳ್ಳಲ್ಲ. ರೇಷನ್ ಅಂಗಡೀಲೂ ತಗೊಳ್ಳಲ್ಲ. ಬಿಸಿನೀರ್‌ನಾಗೆ ಎಲ್ಲಾ ಹೊಂಟೋಗದೆ."

"ಒಸಿ ಇಡಿ ಆಪಾ, ನೋಡುವಾ. ಕಚ್ಚಲ್ಲ ಅದು," ಅಂದರು ಆಪರೇಟರ್ ಅಣ್ಣ.

ಎಡಗೈ ತೋರುಬೆರಳು ಇಟ್ಟರು. ಹಸಿರು ದೀಪ ಹತ್ತಿತು. ನಾವಿಬ್ಬರೂ ಖುಷಿಪಟ್ಟೆವು, ಆದರೆ ಆಪಾ ಮುಖ ಸಣ್ಣದಾಯಿತು. ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡು, "ಮೂರು ತಿಂಗಳು ಸುಮ್ಕೆ ಕೂತಿದ್ದಕ್ಕೆ ಗೆರೆ ಬಂದ್ಬುಟ್ಟದೆ," ಅಂದರು. ಮಾತಿನಲ್ಲಿ ನಾಚಿಕೆ ಇತ್ತು. ಅದು ಯಾಕೆ ಅಂತ ಅವತ್ತು ನಾನು ಯೋಚಿಸಲೇ ಇಲ್ಲ, ಫಾರಂ ತುಂಬುವ ಅವಸರದಲ್ಲಿದ್ದೆ.

ಫಾರಮ್ಮಿನಲ್ಲಿ ಚಿಕಿತ್ಸೆಯ ಗುರಿಯನ್ನು ಪಟ್ಟಿಯಿಂದ ಆರಿಸಬೇಕು. ಶರ್ಟಿನ ಗುಂಡಿ ಹಾಕುವುದು, ತಲೆ ಬಾಚುವುದು, ಚಮಚ ಹಿಡಿಯುವುದು, ನಲ್ಲಿ ತಿರುಗಿಸುವುದು. ಆಪಾ ಇವನ್ನೆಲ್ಲ ಎಡಗೈಯಲ್ಲಿ ಆಗಲೇ ಮಾಡುತ್ತಿದ್ದರು. ಗುಂಡಿಯನ್ನು ಆರಿಸಿ ಮುಂದಕ್ಕೆ ಹೋದೆ. ಮಾಡಿದ ಚಿಕಿತ್ಸೆಯಲ್ಲಿ ತಪ್ಪಿರಲಿಲ್ಲ. ಮರಳು ಕಾಗದ, ಮಖಮಲ್ಲು, ಗೋಣಿ ಬಟ್ಟೆಯ ತುಂಡುಗಳನ್ನು ಬೆರಳಿಗೆ ತಾಕಿಸುವುದು. ಮೊದಲು ಕಣ್ಣು ಬಿಟ್ಟು ನೋಡುತ್ತಾ, ಆಮೇಲೆ ಕಣ್ಣು ಮುಚ್ಚಿ ಯಾವುದು ಅಂತ ಹೇಳಿಸುವುದು. ಸ್ಪರ್ಶ ಮರಳುವಾಗ ಮಿದುಳು ಅದನ್ನು ಹೊಸದಾಗಿ ಓದಲು ಕಲಿಯಬೇಕು. ಆರನೇ ಸಲಕ್ಕೆ ಹೆಬ್ಬೆರಳ ಬುಡದಲ್ಲಿ ಜುಮ್ಮೆನ್ನಲು ಶುರುವಾಗಿತ್ತು. ನಾನು ಖುಷಿಯಾಗಿದ್ದೆ. ಆಪಾ ಮಾತ್ರ ಗೋಡೆ ಗಡಿಯಾರ ನೋಡುತ್ತಾ ಕೂರುತ್ತಿದ್ದರು.

ಒಂಬತ್ತನೇ ಸಲ ಯಂತ್ರ ಬೆರಳನ್ನು ಒಪ್ಪಲಿಲ್ಲ. ಆಪರೇಟರ್ ಅಣ್ಣ ಗಾಜನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿದರು, ವೈರು ಬಿಚ್ಚಿ ಸಿಕ್ಕಿಸಿದರು, ಆಪಾ ಬೆರಳಿಗೆ ಒಸಿ ಕೊಬ್ಬರಿ ಎಣ್ಣೆಯನ್ನೂ ಹಚ್ಚಿಸಿದರು. ಕೆಂಪು ದೀಪವೇ. ಹತ್ತನೇ ಸಲವೂ ಅದೇ ಹಣೆಬರಹ. ಅವತ್ತು ನಾನು ಆಪಾ ಎಡಗೈಯನ್ನು ಕಿಟಕಿಯ ಬಳಿಗೆ ಎಳೆದು ನೋಡಿದೆ. ತುದಿಗಳು ನುಣ್ಣಗೆ, ಸ್ವಲ್ಪ ಉಬ್ಬಿ ಹೊಳೆಯುತ್ತಿದ್ದವು. ಬಟ್ಟೆ ಒಗೆದದ್ದಕ್ಕೆ ಹಾಗಾಗುವುದಿಲ್ಲ.

"ಆಪಾ, ಬೇಸಿನ್‌ಗೆ ಕೂತ್ಕೋತಿದ್ದೀರಾ?"

ಅವರು ಸೆರಗು ಸರಿಮಾಡಿಕೊಂಡರು. "ಎಡಗೈಯಾಗೆ ಅಷ್ಟೇ," ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನ್ನ ದನಿ ಪಕ್ಕದ ವಾರ್ಡಿಗೂ ಕೇಳುತ್ತದೆ. ಸ್ಪರ್ಶವಿಲ್ಲದ ಕೈ ಇಟ್ಟುಕೊಂಡು ಬಿಸಿನೀರ ಮುಂದೆ ಕೂರುವುದೆಂದರೆ ಏನು, ಒಂದು ದಿನ ಬೆರಳು ಬೆಂದುಹೋದರೆ ಯಾರು ಹೊಣೆ, ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲಾಗಬೇಕಾ ಅಂತ ಒಂದೇ ಸಮ ಕೂಗಾಡಿದೆ. ಆಪಾ ತಲೆ ತಗ್ಗಿಸಿ ಎಲ್ಲಾ ಕೇಳಿಸಿಕೊಂಡು, "ಒಂದ್ಸಲ ಬಂದು ನೋಡಿ ಮೇಡಂ. ಆಮ್ಯಾಕೆ ಬೈರಿ," ಅಂತ ಹೇಳಿ ಹೊರಟುಹೋದರು.

ಮಾರನೇ ದಿನ ನನ್ನ ಮನೆಯಿರುವ ಚನ್ನಪಟ್ಟಣದಿಂದ ಬೆಳಗಿನ ರೈಲಿನಲ್ಲಿ ಬಂದಿಳಿದವಳು ಆಸ್ಪತ್ರೆಗೆ ಹೋಗುವ ಮುಂಚೆ ಅವರ ಯೂನಿಟ್ಟಿಗೆ ಹೋದೆ. ತಗಡಿನ ಶೆಡ್ಡು, ಒಳಗೆ ಹಬೆ. ಗೂಡಿನೊಳಗಿನ ಹುಳ ಬೆಂದ ವಾಸನೆ. ಇದೇ ಊರಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿಯೂ ನಾನು ಒಂದು ದಿನವೂ ಬೇಸಿನ್ನಿನ ಪಕ್ಕ ನಿಂತವಳಲ್ಲ. ಬೇಯಿಸಿದ ಗೂಡುಗಳು ನೀರಿನಲ್ಲಿ ತೇಲುತ್ತಿದ್ದವು. ಒಂದೊಂದರ ಎಳೆಯ ತುದಿ ಹಿಡಿದು ಏಳೆಂಟನ್ನು ಕೂಡಿಸಿದರೆ ಒಂದು ನೂಲು, ಅದು ಮೇಲಕ್ಕೆ ಹೋಗಿ ತಿರುಗುವ ರಾಟೆಗೆ ಸುತ್ತಿಕೊಳ್ಳುತ್ತದೆ. ಆಪಾ ಎಡಗೈಯಲ್ಲಿ ಎಳೆ ಎಸೆಯುತ್ತಿದ್ದರು. ಬಲಗೈಯನ್ನು ನೀರಿಗೆ ಇಳಿಸುತ್ತಿರಲಿಲ್ಲ, ಅದು ನಿಜ. ಅದನ್ನು ಬೇಸಿನ್ನಿನ ಅಂಚಿನ ಮೇಲೆ ಊರಿಕೊಂಡಿದ್ದರು. ಆ ಅಂಚಿನ ಪಕ್ಕದಲ್ಲೇ ಹಬೆಯ ಕೊಳವೆ. ನಾನು ಅವರ ಬಲಗೈ ಎತ್ತಿ ತಿರುಗಿಸಿದೆ. ನಡುಬೆರಳ ಬದಿಯಲ್ಲಿ ಕಡಲೆಕಾಳಿನಷ್ಟು ಬೊಬ್ಬೆ ಎದ್ದಿತ್ತು. ಅವರಿಗೆ ಗೊತ್ತೇ ಇರಲಿಲ್ಲ.

ಅದನ್ನು ನೋಡಿ ಆಪಾ ಮೊದಲ ಸಲ ಹೆದರಿದರು. ರಾಟೆ ನಿಲ್ಲಿಸಿದರು.

ಅವರ ಅಣ್ಣ ದೂರದಿಂದಲೇ ಹೇಳಿದರು, "ನಾನು ಬ್ಯಾಡ ಅಂದೆ ಮೇಡಂ. ಮನೇಲಿರು, ಇಲ್ಲಾಂದ್ರೆ ವೇಸ್ಟು ನೂಲು ಆಯ್ಕೊಂಡು ಕೂರು ಅಂದೆ. ಕೇಳಲ್ಲ."

"ವೇಸ್ಟು ಯಾರು ಬೇಕಾದ್ರೂ ಆಯ್ತಾರೆ," ಅಂದರು ಆಪಾ. ಆಮೇಲೆ ನನ್ನ ಕಡೆ ತಿರುಗಿದರು. "ಒಂದು ಗೂಡು ಖಾಲಿ ಆದ್ರೆ ನೂಲು ಸಣ್ಣ ಆಯ್ತದೆ. ಬ್ಯಾರೇವ್ರು ಕಣ್ಣಲ್ಲಿ ನೋಡಿ ಹೊಸ ಎಳೆ ಎಸೀತಾರೆ, ಅಷ್ಟೊತ್ಗೆ ಲೇಟಾಗಿರ್ತದೆ. ನಾನು ಹಿಂಗೆ ಮುಟ್ಟುದ್ರೆ ಸಾಕು, ಗೊತ್ತಾಗೋದು. ಈ ಎರಡು ಬೆರಳು. ಅದು ವಾಪಸ್ ಬತ್ತದಾ ಇಲ್ವಾ, ಅದನ್ನ ಹೇಳಿ. ಗುಂಡಿ ಗಿಂಡಿ ನನಗೆ ಬ್ಯಾಡ."

ಹೆಬ್ಬೆರಳನ್ನೂ ತೋರುಬೆರಳನ್ನೂ ಜೋಡಿಸಿ ತೋರಿಸಿದರು. ಸ್ಪರ್ಶವಿಲ್ಲದ ಎರಡು ಬೆರಳು.

ಆಸ್ಪತ್ರೆಗೆ ನಡೆದು ಬರುವಾಗ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಕೆಲಸಕ್ಕೆ ಮರಳಿಸುವುದೇ ನನ್ನ ಓದು, ಆದರೆ ಒಂದು ತಿಂಗಳಿನಿಂದ ಆ ಹೆಂಗಸಿಗೆ ಕೆಲಸದಿಂದ ದೂರ ಇರಿ ಅನ್ನುವುದೊಂದನ್ನೇ ಹೇಳುತ್ತಿದ್ದೆ. ಪಟ್ಟಿಯಲ್ಲಿ ಇದ್ದದ್ದನ್ನು ಗುರಿ ಅಂತ ಬರೆದು, ಅವರ ಗುರಿ ಏನು ಅಂತ ಕೇಳಿರಲೇ ಇಲ್ಲ.

ಅವರು ಬಚ್ಚಿಟ್ಟು ಮಾಡುವುದಕ್ಕಿಂತ ನನ್ನ ಕಣ್ಣೆದುರು ಮಾಡುವುದೇ ಕ್ಷೇಮ ಅನ್ನಿಸಿತು. ಆದರೆ ಶೆಡ್ಡಿನಲ್ಲಿ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಬೇಸಿನ್ನೇ ಆಸ್ಪತ್ರೆಗೆ ಬರಲಿ ಅಂತ ತೀರ್ಮಾನಿಸಿದೆ. ಸೂಪರಿಂಟೆಂಡೆಂಟ್ ಡಾಕ್ಟರು ಮೊದಲು ನಕ್ಕರು, ಆಮೇಲೆ ಹಿಂದಿನ ಸ್ಟೋರ್ ರೂಮು ಕೊಟ್ಟರು. ಆಪಾ ಅಣ್ಣನ ಯೂನಿಟ್ಟಿನಿಂದ ಒಂದು ಹಳೆಯ ಬೇಸಿನ್ನು, ಕೈಯಲ್ಲಿ ತಿರುಗಿಸುವ ಚಿಕ್ಕ ರಾಟೆ ಬಂತು. ಬೇಸಿನ್ನಿನ ಅಂಚಿಗೆ ನಾನು ದಪ್ಪ ರಬ್ಬರು ಸುತ್ತಿದೆ, ನೀರಿಗೆ ಥರ್ಮಾಮೀಟರ್ ಇಳಿಬಿಟ್ಟೆ. ಪ್ರತಿ ಸಲ ಮೊದಲು ಎಡಗೈಯಿಂದ ನೀರು ನೋಡಬೇಕು, ಬಲಗೈ ಬಿಸಿನೀರಿಗೆ ಇಳಿಯಲೇ ಕೂಡದು, ಮುಗಿದ ಮೇಲೆ ಐದೂ ಬೆರಳನ್ನು ಕಣ್ಣಿಂದ ಪರೀಕ್ಷಿಸಿಕೊಳ್ಳಬೇಕು. ಶೆಡ್ಡಿನಲ್ಲೂ ಇದೇ ನಿಯಮ ಅಂತ ಆಣೆ ಮಾಡಿಸಿಕೊಂಡೆ.

ಉಳಿದದ್ದು ಬೆರಳಚ್ಚಿನ ತಕರಾರು. ಅದಕ್ಕೂ ಒಂದು ವಿನಾಯಿತಿ ಫಾರಂ ಇತ್ತು. ಬೆರಳಿನ ಬದಲು ಮುಖದ ಫೋಟೋ ತೆಗೆಯಬಹುದು, ಆದರೆ ಕಾರಣ ಬೇಕು. ಕಾರಣಗಳು ಮೂರು: ಬೆರಳು ಇಲ್ಲ, ಬೆರಳಿಗೆ ಶಾಶ್ವತ ಊನ, ಇತರೆ.

"ಎರಡನೇದು ಒತ್ತಿ ಮುಗ್ಸಿ ಮೇಡಂ," ಅಂದರು ಆಪರೇಟರ್ ಅಣ್ಣ. "ಎಲ್ಲಾ ಕಡೆ ಅಂಗೇ ಮಾಡ್ತಾರೆ. ಇತರೆ ಒತ್ತುದ್ರೆ ವಾಪಸ್ ಬತ್ತದೆ."

ನಾನೂ ಒತ್ತುತ್ತಿದ್ದೆನೋ ಏನೋ. ಆದರೆ ಸಹಿಗೆ ಅಂತ ಆಪಾಗೆ ಓದಿ ಹೇಳಿದಾಗ ಅವರು ಪೆನ್ನು ಕೆಳಗಿಟ್ಟುಬಿಟ್ಟರು.

"ಈ ಕೈಗೆ ಏನಾಗದೆ?" ಎಡಗೈ ಎತ್ತಿ ತೋರಿಸಿದರು. "ಊನ ಗೀನ ಏನಿಲ್ಲ. ಕೆಲಸ ಮಾಡೋ ಕೈ ಇದು, ಅದ್ಕೇ ಗೆರೆ ಇಲ್ಲ. ಕೆಲಸ ಬುಟ್ರೆ ಗೆರೆ ಬತ್ತದೆ. ಕೆಟ್ಟೋಗದೆ ಅಂತ ಬರೆದ್ರೆ ನಾನು ಸಹಿ ಹಾಕಲ್ಲ."

ಹೇಳಿದ್ದು ಅಕ್ಷರಶಃ ಸತ್ಯ. ಅದನ್ನೇ ಬರೆಯೋಣ ಅಂತ ಆ ಗಳಿಗೆಯಲ್ಲಿ ನಿರ್ಧಾರ ಮಾಡಿದೆ. "ಇತರೆ" ಒತ್ತಿದಾಗ ಒಂದು ಪುಟ್ಟ ಚೌಕ ತೆರೆದುಕೊಂಡಿತು, ಇಷ್ಟೇ ಅಕ್ಷರ ಅಂತ ಮಿತಿ ಬೇರೆ. ಮೂರು ಸಲ ಬರೆದು ಅಳಿಸಿ ಕೊನೆಗೆ ಹೀಗೆ ಬರೆದೆ: "ರೋಗಿ ರೇಷ್ಮೆ ನೂಲು ಬಿಚ್ಚುವವರು. ಬಿಸಿನೀರಿನಿಂದ ಬೆರಳಗೆರೆ ಸವೆಯುತ್ತದೆ, ಕೆಲಸ ಬಿಟ್ಟರೆ ಮರಳುತ್ತದೆ. ಇವರನ್ನು ಕೆಲಸಕ್ಕೆ ಮರಳಿಸುವುದೇ ಚಿಕಿತ್ಸೆಯ ಗುರಿ. ಚಿಕಿತ್ಸೆ ಫಲಿಸಿದಷ್ಟೂ ಬೆರಳಚ್ಚು ಸಿಗುವುದಿಲ್ಲ." ಗುಂಡಿಯ ಗುರಿಯನ್ನು ತೆಗೆದು, ಅಲ್ಲಿಯೂ "ಇತರೆ" ಆರಿಸಿ, "ನೂಲು ಸಣ್ಣಗಾದದ್ದನ್ನು ಬಲಗೈ ಬೆರಳಿನಿಂದ ಗುರುತಿಸುವುದು" ಅಂತ ಸೇರಿಸಿದೆ.

ಆಪರೇಟರ್ ಅಣ್ಣ ಹೇಳಿದ ಹಾಗೇ ಆಯಿತು. ಎರಡು ದಿನಕ್ಕೆ ಅದು ವಾಪಸ್ ಬಂತು. ಷರಾ: ಕಾರಣ ಸ್ಪಷ್ಟವಿಲ್ಲ. ಅದೇ ಸೋಮವಾರ ಹನ್ನೊಂದನೇ ಹಾಜರಿಯೂ ಬೀಳಲಿಲ್ಲ, ಕೇಸು ಮುಚ್ಚಿಕೊಂಡಿತು. ಪರದೆಯ ಮೇಲೆ ಆಪಾ ಹೆಸರಿನ ಮುಂದೆ "ರೋಗಿ ಚಿಕಿತ್ಸೆ ಕೈಬಿಟ್ಟಿದ್ದಾರೆ" ಅಂತ ಬಂತು. ಆಗ ಆಪಾ ಸ್ಟೋರ್ ರೂಮಿನಲ್ಲಿ ಕಣ್ಣು ಮುಚ್ಚಿಕೊಂಡು ಗೋಣಿದಾರ ಯಾವುದು, ಹೊಲಿಗೆದಾರ ಯಾವುದು ಅಂತ ಬಲಗೈಯಲ್ಲಿ ತಡಕುತ್ತಿದ್ದರು. ಅಳು ಬಂತು ಅಂತ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮರು ಅರ್ಜಿ ಹಾಕಿದೆ. ಒಂದು ಅಕ್ಷರವನ್ನೂ ಬದಲಿಸಲಿಲ್ಲ, ಇದರಲ್ಲಿ ನನ್ನ ಮೊಂಡುತನವೂ ಸೇರಿತ್ತು ಅನ್ನಿ. ಸೂಪರಿಂಟೆಂಡೆಂಟರು, "ಊಟದ ಹೊತ್ತಲ್ಲಿ ನೀವು ಏನು ಮಾಡ್ತೀರೋ ನಾನು ನೋಡೋದಿಲ್ಲಮ್ಮ," ಅಂದರು. ಅಂದರೆ ಅಪ್ಪಣೆ. ಮೂರು ವಾರ ಯಾವ ದಾಖಲೆಯೂ ಇಲ್ಲದೆ ನಾವು ಮುಂದುವರಿಸಿದೆವು. ಗೋಣಿದಾರದಿಂದ ಹೊಲಿಗೆದಾರಕ್ಕೆ, ಅಲ್ಲಿಂದ ರೇಷ್ಮೆ ನೂಲಿಗೆ. ಎರಡು ಎಳೆಯದು, ನಾಲ್ಕು ಎಳೆಯದು, ಎಂಟು ಎಳೆಯದು. ಒಣಗಿದ ನೂಲು ಮೊದಲು, ಒದ್ದೆ ನೂಲು ಆಮೇಲೆ. ಹುಳದ ವಾಸನೆ ಕಾರಿಡಾರಿಗೆ ಹಬ್ಬಿ, ಹೆರಿಗೆ ವಾರ್ಡಿನ ನರ್ಸಮ್ಮ ದಿನಾ ಬಂದು ಜಗಳ ಆಡಿ ಹೋಗುತ್ತಿದ್ದರು. ಆಪಾ ಮಾತ್ರ ಈಗ ಗಡಿಯಾರ ನೋಡುತ್ತಿರಲಿಲ್ಲ. ಹೊತ್ತಾಯಿತು ಅಂತ ನಾನೇ ಎಬ್ಬಿಸಬೇಕಾಗಿತ್ತು.

ಅಂಥ ಒಂದು ಮಧ್ಯಾಹ್ನ ಜಿಲ್ಲಾ ಪರಿಶೀಲನಾ ಅಧಿಕಾರಿ ಬಂದಿಳಿದರು. ಕಾರಿಡಾರಿನಲ್ಲೇ ಮೂಗಿಗೆ ಕರವಸ್ತ್ರ ಹಿಡಿದು, "ಏನ್ರೀ ಇದು ವಾಸನೆ?" ಅಂದರು. ಆಪರೇಟರ್ ಅಣ್ಣ, "ಸಾರ್, ಅದೇ ಸಾರ್, ಇತರೆ," ಅಂದುಬಿಟ್ಟರು. ಅಧಿಕಾರಿ ಸ್ಟೋರ್ ರೂಮಿನ ಬಾಗಿಲಲ್ಲಿ ಬಂದು ನಿಂತರು.

"ನಿಮ್ಮ ಅರ್ಜಿ ವಾಪಸ್ ಕಳಿಸಿದ್ದು ನಾನೇ," ಅಂದರು ನೇರವಾಗಿ. "ಚಿಕಿತ್ಸೆ ಫಲಿಸಿದಷ್ಟೂ ಬೆರಳಚ್ಚು ಸಿಗಲ್ಲ ಅಂತ ಬರೆದಿದ್ದೀರಿ. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ."

ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಆಪಾ ಎದ್ದು ನಿಂತಿದ್ದರು. "ಸಾರ್, ನೀರ್‌ನಾಗೆ ಒಸಿ ಕೈ ಇಡಿ," ಅಂದರು. ಅಧಿಕಾರಿ ಎರಡು ಬೆರಳು ಅದ್ದಿ ಸರಕ್ಕನೆ ಎಳೆದುಕೊಂಡರು. ಆಪಾ ಅದೇ ನೀರಿಗೆ ಎಡಗೈ ಇಳಿಸಿ, ಗೂಡು ಹಿಡಿದು, ಎಳೆ ಬಿಡಿಸಿ ರಾಟೆಗೆ ಎಸೆದರು. "ದಿನಕ್ಕೆ ಎಂಟು ಗಂಟೆ ಸಾರ್. ಮೂವತ್ತೆರಡು ವರ್ಷ. ಗೆರೆ ಎಲ್ಲಿ ಉಳೀತದೆ?"

ಅವರು ಮೊಬೈಲಿನ ದೀಪ ಹಾಕಿ ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆಪರೇಟರ್ ಅಣ್ಣನ ಮೇಜಿಗೆ ಹೋಗಿ ತಮ್ಮ ಬೆರಳನ್ನೂ ಆಪಾ ಬೆರಳನ್ನೂ ತಾವೇ ಯಂತ್ರಕ್ಕೆ ಇಡಿಸಿ ಪರೀಕ್ಷಿಸಿದರು. "ಈ ಊರಲ್ಲಿ ಇಂಥವರು ಇನ್ನೂ ಎಷ್ಟೋ ಜನ ಇರಬೇಕಲ್ಲ," ಅಂದರು.

"ಬೇಕಾದಂಗೆ ಅವ್ರೆ ಸಾರ್. ಎಲ್ಲಾರ್ಗೂ ಊನ ಅಂತ ಒತ್ತಿ ಒತ್ತಿ ನನ್ನ ಬೆರಳೇ ಸವೆದೈತೆ," ಅಂದರು ಆಪರೇಟರ್ ಅಣ್ಣ. ಅಧಿಕಾರಿಗೂ ನಗು ತಡೆಯಲಾಗಲಿಲ್ಲ.

ಬೆರಳಿನ ಫೋಟೋ, ಕೆಲಸದ ಫೋಟೋ ಎರಡೂ ಲಗತ್ತಿಸಿ ಅಂದರು. ಒಂದು ವಾರದಲ್ಲಿ ಕೇಸು ಮತ್ತೆ ತೆರೆಯಿತು. ಮುಖದ ಫೋಟೋದ ಹಾಜರಿ, ಉಳಿದ ಹನ್ನೆರಡು ಸಲ. ನನ್ನ ಸಾಲನ್ನು ಯಾರೂ ತಿದ್ದಿರಲಿಲ್ಲ. ಆ ಯಂತ್ರದ ಮೇಲೆ ನನಗೆ ಈಗ ದ್ವೇಷವಿಲ್ಲ. ಅದು ಕೆಂಪು ದೀಪ ಹಾಕದೆ ಇದ್ದಿದ್ದರೆ ನಾನು ಇಪ್ಪತ್ತು ಸಲವೂ ಮಖಮಲ್ಲು ತಾಕಿಸಿ, ಗುರಿ ಮುಟ್ಟಿದೆ ಅಂತ ಬರೆದು ಕಳಿಸಿಬಿಡುತ್ತಿದ್ದೆ. ಈಗ ಯಾರು ಬಂದರೂ ಪಟ್ಟಿ ತೆರೆಯುವ ಮುಂಚೆ ಏನು ಕೆಲಸ ಮಾಡುತ್ತೀರಿ ಅಂತ ಕೇಳುತ್ತೇನೆ. ಹಾರೋಹಳ್ಳಿಯ ಕಾರ್ಖಾನೆಯಿಂದ ಬಂದ ಒಬ್ಬರಿಗೆ ಸ್ಪ್ಯಾನರು, ಗೊಂಬೆ ಕಡೆಯುವ ಒಬ್ಬರಿಗೆ ಉಳಿ ಅಂತ ನನ್ನ "ಇತರೆ" ಚೌಕ ತುಂಬುತ್ತಲೇ ಇದೆ.

ಇಪ್ಪತ್ತು ಸಲ ಮುಗಿದಾಗ ಆಪಾ ಹೆಬ್ಬೆರಳಿಗೆ ಬಿಸಿ ತಣ್ಣನೆ ತಿಳಿಯುತ್ತಿತ್ತು. ತೋರುಬೆರಳಿಗೆ ಅರೆಬರೆ. ಎಂಟು ಎಳೆಗೂ ನಾಲ್ಕು ಎಳೆಗೂ ಇರುವ ವ್ಯತ್ಯಾಸ ಸಿಗುತ್ತಿತ್ತು. ಎಂಟಕ್ಕೂ ಏಳಕ್ಕೂ ಸಿಗುತ್ತಿರಲಿಲ್ಲ. ಬೇಸಿನ್ನಿಗೆ ಬೇಕಾದದ್ದು ಅದೇ. ನರ ಇನ್ನೂ ಬೆಳೆಯಬೇಕು, ಮನೆಯಲ್ಲಿ ಅಭ್ಯಾಸ ಬಿಡಬೇಡಿ ಅಂತ ಹೇಳಿ ಕಳಿಸಿದೆ. ಗುರಿಯ ಮುಂದೆ "ಭಾಗಶಃ" ಅಂತ ಬರೆದೆ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿಗೆ ಹೋದೆ. ಆಪಾ ತಮ್ಮ ಜಾಗದಲ್ಲಿದ್ದರು, ಎರಡು ಕೈಯಲ್ಲೂ ಕೆಲಸ. ಈ ಬೇಸಿನ್ನಿನ ಅಂಚಿಗೂ ದಪ್ಪ ರಬ್ಬರು ಸುತ್ತಿಕೊಂಡಿದ್ದರು. ನನ್ನನ್ನು ಕಂಡು ಪೂರ್ತಿ ನನ್ನ ಕಡೆ ತಿರುಗಿ ಕೂತು ಸೊಸೆಯ ಬಾಣಂತನದ ಸುದ್ದಿ ಶುರುಮಾಡಿದರು. ಮಗು ಯಾರ ಹಾಗಿದೆ, ಹೆಸರಿನ ಬಗ್ಗೆ ಮನೆಯಲ್ಲಿ ಎಷ್ಟು ಜಗಳ, ಎಲ್ಲಾ. ಬಲಗೈ ಹೆಬ್ಬೆರಳೂ ತೋರುಬೆರಳೂ ಹಿಂದುಗಡೆ ಓಡುವ ನೂಲನ್ನು ಹಗುರವಾಗಿ ತಾಕಿಕೊಂಡಿದ್ದವು.

ಮಾತಿನ ಮಧ್ಯೆ ಒಮ್ಮೆಲೇ ನಿಲ್ಲಿಸಿ, "ಒಂದು ಹೋಯ್ತು," ಅಂದರು.

ತಿರುಗಿ ನೋಡಲಿಲ್ಲ. ಎಡಗೈ ನೀರಿಗೆ ಹೋಗಿ ಹೊಸ ಎಳೆ ಹಿಡಿದು ನೂಲಿಗೆ ಸೇರಿಸಿ ಬಂತು. ನಾನು ಬಗ್ಗಿ ಬೇಸಿನ್ನಿನಲ್ಲಿ ಎಣಿಸಿದೆ. ಎಂಟು ಗೂಡು ಸುತ್ತುತ್ತಿದ್ದವು, ನೂಲು ಪೂರ್ತಿ ಬಿಚ್ಚಿಹೋದ ಒಂದು ತಳಕ್ಕೆ ಇಳಿಯುತ್ತಿತ್ತು.

"ಎಲ್ಲಿಗೆ ನಿಲ್ಸಿದ್ದೆ?" ಅಂದರು ಆಪಾ.

"ಮಗೂನ ಹೆಸರಿಗೆ," ಅಂದೆ.